ವಿದ್ಯುತ್ ಕಾರಿನ ಮೋಟಾರು ಗೊರಗುಟ್ಟಿದಾಗ

ನಮ್ಮ ವಿದ್ಯುತ್ ಕಾರು ಗಂಟೆಗೆ 40 ಕಿ.ಮೀ. ದಾಟಿದೊಡನೆ ಗೊರಗುಟ್ಟತೊಡಗಿತು. ವೇಗ ಏರಿದಂತೆ ಸದ್ದೂ ಏರುತ್ತಿತ್ತು. ಸರ್ವಿಸ್ ಕೇಂದ್ರದವರು ‘ಟೈರಿನ ಸದ್ದು’ ಎಂದು ಸಾಗಹಾಕಿದರು. ಆದರೆ ನುಣುಪು ಡಾಂಬರಾಗಲಿ, ಒರಟು ಕಾಂಕ್ರೀಟಾಗಲಿ, ಸದ್ದು ಬದಲಾಗುತ್ತಿರಲಿಲ್ಲ. ತಿರುವಿನಲ್ಲಿ ಒಂದು ಬದಿಗೆ ಭಾರ ಬಿದ್ದಾಗಲೂ ಅಷ್ಟೇ. ಹಾಗಾಗಿ ಟೈರು, ಚಕ್ರದ ಬೇರಿಂಗು ಎರಡನ್ನೂ ಅನುಮಾನದ ಪಟ್ಟಿಯಿಂದ ಕೆಳಗಿಳಿಸಿದೆ.

ಖಾಲಿ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿ ಕಾರನ್ನು ತಾನಾಗಿ ಉರುಳಲು ಬಿಟ್ಟೆ. ಸದ್ದು ಹಾಗೆಯೇ ಇತ್ತು. ನಮ್ಮ ಕಾರಿಗೆ ಕ್ಲಚ್ ಇಲ್ಲ. ಮೋಟಾರಿನ ಎಳೆತ ನಿಂತರೂ ಅದು ಚಕ್ರಗಳ ಜತೆ ತಿರುಗುತ್ತಲೇ ಇರುತ್ತದೆ. ಅಂದರೆ ದೋಷ ಕರೆಂಟಿನ ಗುಂಯ್‌ಗುಡುವಿಕೆಯದಲ್ಲ, ತಿರುಗುವ ಭಾಗದ್ದು.

ಹೈವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳಿಗೆ ನಾವು ಕೈ ಹಾಕಬಾರದು. ಹೈವೋಲ್ಟೇಜ್ ತರಬೇತಿ ಪಡೆದ ಮೆಕ್ಯಾನಿಕ್ ಒಬ್ಬರನ್ನು ಹಿಡಿದೆ. ಅವರು ಬ್ಯಾಟರಿಯ ಸಂಪರ್ಕ ಕಡಿದು, ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್ ಬರಿದಾಗಲು ಕಾದು, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಸ್ಪ್ಯಾನರ್ ಮುಟ್ಟಿದರು. ಗೇರ್ ಆಯಿಲ್ ಚೊಕ್ಕವಾಗಿತ್ತು, ಹಾಗಾಗಿ ಗೇರಿನ ಮೇಲೆ ಅನುಮಾನ ಉಳಿಯಲಿಲ್ಲ. ಮೋಟಾರಿನ ಬೇರಿಂಗ್ ಬಿಚ್ಚಿದರೆ, ಹೊರಬಳೆಯ ಒಳಮೈಯಲ್ಲಿ ಉತ್ತ ಹೊಲದಂತೆ ಸಮಾನ ಅಂತರದ ಗೀರುಗಳು! ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದ ಬಗೆಗೆ ಬದಲಿಸುವ ಇನ್ವರ್ಟರ್‌ನ ಅತಿವೇಗದ ಆನ್-ಆಫ್ ಸ್ವಿಚಿಂಗ್‌ನಿಂದ ಮೋಟಾರಿನ ತಿರುಗುವ ಶಾಫ್ಟಿನಲ್ಲಿ ವೋಲ್ಟೇಜು ಹುಟ್ಟುತ್ತದೆ. ಅದರಿಂದ ಕರೆಂಟು ಗ್ರೀಸಿನ ತೆಳುಪದರವನ್ನು ಸೀಳಿ ಬೇರಿಂಗಿನ ಮೂಲಕ ಹರಿದು ಹರಿದು ಉಕ್ಕನ್ನು ಹೀಗೆ ತಿನ್ನುತ್ತದೆ.

ಅದೇ ಅಳತೆಯ, ಸೆರಾಮಿಕ್ ಗುಂಡುಗಳ ಬೇರಿಂಗ್ ಹಾಕಿಸಿದೆ. ಗೊರಗುಟ್ಟುವುದು ಪೂರ್ತಿ ನಿಂತಿತು. ಬೆಲೆ ಉಕ್ಕಿನ ಗುಂಡಿನದಕ್ಕಿಂತ ಸಾಕಷ್ಟು ಹೆಚ್ಚು, ನಿಜ. ಆದರೆ ಸೆರಾಮಿಕ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಮತ್ತೆ ಉಕ್ಕಿನದನ್ನೇ ಹಾಕಿಸಿದ್ದರೆ ಅದಕ್ಕೂ ಇದೇ ಗತಿಯಾಗುವ ಸಾಧ್ಯತೆ ಇತ್ತು.