ಹಂದಿ ಮೇವಿನಲ್ಲಿ ನಾರು: ಯಾರಿಗೆ ಎಷ್ಟು ಹಾಕಬೇಕು?

ಮೆಕ್ಕೆಜೋಳದ ಬೆಲೆ ಏರಿತು ಅಂದರೆ ಹಂದಿ ಸಾಕುವವರ ಕೈ ತಾನಾಗಿಯೇ ಬೂಸಾ, ತೌಡಿನ ಚೀಲದ ಕಡೆ ಹೋಗುತ್ತದೆ. ನಾನೂ ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಲೋಡ್ ತೌಡು ಇಳಿಸಿಕೊಂಡೆ. ತಿಂಗಳು ಕಳೆದರೂ ಮರಿಗಳ ಹೊಟ್ಟೆ ಮಾತ್ರ ಊದಿತ್ತು, ಬೆನ್ನು ತುಂಬಿರಲಿಲ್ಲ. ಸಗಣಿಯನ್ನು ಕಡ್ಡಿಯಿಂದ ಕೆದಕಿ ನೋಡಿದೆ. ಒಳಗೆ ಉಮಿ, ಹಾಕಿದ್ದು ಹಾಕಿದ ಹಾಗೇ!

ಹಂದಿಗೆ ದನದಂತೆ ನಾಲ್ಕು ಕೋಣೆಯ ಹೊಟ್ಟೆ ಇಲ್ಲ, ನಮ್ಮ ಹಾಗೆ ಒಂದೇ. ನಾರನ್ನು ಒಡೆಯುವ ರಸ ಅದರ ಸಣ್ಣ ಕರುಳಿನಲ್ಲಿ ಹುಟ್ಟುವುದಿಲ್ಲ. ನಾರು ದೊಡ್ಡ ಕರುಳಿಗೆ ಹೋದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಮಾಡುತ್ತವೆ. ಹಂದಿಗೆ ಇದರಿಂದಲೂ ಶಕ್ತಿ ಸಿಗುತ್ತದೆ, ಆದರೆ ಮೆಕ್ಕೆಜೋಳದ ಪಿಷ್ಟ ಕೊಡುವಷ್ಟಲ್ಲ. ಮರಿಗಳ ದೊಡ್ಡ ಕರುಳು ಇನ್ನೂ ಬಲಿತಿರುವುದಿಲ್ಲ, ಅವಕ್ಕೆ ಸಿಗುವುದು ಇನ್ನೂ ಕಡಿಮೆ. ಉಮಿಯಂಥ ಗಟ್ಟಿ ನಾರನ್ನಂತೂ ಬ್ಯಾಕ್ಟೀರಿಯಾಗಳೂ ಮುಟ್ಟುವುದಿಲ್ಲ.

ಹಾಗಾಗಿ ಮೊದಲು ಹಂದಿಗಳನ್ನು ವಯಸ್ಸಿನ ಪ್ರಕಾರ ಬೇರೆ ಮಾಡಿ. ಹಾಲು ಬಿಡಿಸಿದ ಮರಿಗಳ ಮೇವಿನಲ್ಲಿ ನಾರು ಸುಮಾರು ಶೇ. 4ರಿಂದ 5 ಇದ್ದರೆ ಸಾಕು. ಬೆಳೆಯುವ ಹಂದಿಗೆ 5ರಿಂದ 6, ಮಾರಾಟಕ್ಕೆ ಬಂದದ್ದಕ್ಕೆ 7–8ರವರೆಗೂ ನಡೆಯುತ್ತದೆ.

ಈಗ ಲೆಕ್ಕ. ಪೆನ್ನು ತೆಗೆದುಕೊಳ್ಳಿ. ಮೆಕ್ಕೆಜೋಳದಲ್ಲಿ ನಾರು ಸುಮಾರು ಶೇ. 2.5, ಸೋಯಾ ಹಿಂಡಿಯಲ್ಲಿ 6, ಗೋಧಿ ಬೂಸಾದಲ್ಲಿ 10. ನೂರು ಕೆಜಿ ಮೇವಿಗೆ ಜೋಳ 55 ಕೆಜಿ, ಸೋಯಾ ಹಿಂಡಿ 20, ಬೂಸಾ 22, ಉಳಿದ 3 ಕೆಜಿ ಖನಿಜ ಮಿಶ್ರಣ ಮತ್ತು ಉಪ್ಪು ಅಂದುಕೊಳ್ಳಿ. ಜೋಳದಿಂದ 1.4 ಕೆಜಿ, ಸೋಯಾದಿಂದ 1.2, ಬೂಸಾದಿಂದ 2.2. ಒಟ್ಟು 4.8 ಕೆಜಿ ನಾರು, ಅಂದರೆ ಶೇ. 4.8. ದುಡ್ಡು ಉಳಿಸಲು 20 ಕೆಜಿ ಜೋಳ ತೆಗೆದು ಅಷ್ಟೇ ಬೂಸಾ ಹಾಕಿದರೆ ಅದು 6.3ಕ್ಕೆ ಹೋಗುತ್ತದೆ. ದೊಡ್ಡ ಹಂದಿ ಇನ್ನೊಂದಿಷ್ಟು ಜಾಸ್ತಿ ತಿಂದು ಸರಿದೂಗಿಸಿಕೊಳ್ಳುತ್ತದೆ. ಮರಿ ಏನು ಮಾಡಬೇಕು? ಹೊಟ್ಟೆ ತುಂಬಿದ ಮೇಲೆ ತಿನ್ನಲು ಜಾಗ ಎಲ್ಲಿ?

ತೌಡು ಕೊಳ್ಳುವಾಗ ಮಾತ್ರ ಯಾರ ಮಾತನ್ನೂ ನಂಬಬೇಡಿ. ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿ. ಒಳ್ಳೆಯ ತೌಡು ಮೆತ್ತಗೆ, ಸ್ವಲ್ಪ ಜಿಡ್ಡಾಗಿ ಇರುತ್ತದೆ. ಉಮಿ ಬೆರೆತಿದ್ದರೆ ಚುಚ್ಚುತ್ತದೆ. ಮೊರದಲ್ಲಿ ಕೇರಿದರಂತೂ ಬಣ್ಣ ಬಯಲು. ಕಮಟು ವಾಸನೆ ಬಂದರೆ ವಾಪಸ್ ಕಳಿಸಿ, ತೌಡಿನಲ್ಲಿರುವ ಎಣ್ಣೆ ಬೇಗ ಕೆಡುತ್ತದೆ.

ಇಷ್ಟೆಲ್ಲ ಹೇಳಿದೆ ಅಂತ ನಾರೇ ಬೇಡ ಅನ್ನಬೇಡಿ. ಗಬ್ಬದ ಹಂದಿಗೆ ಕೊಬ್ಬು ಏರಬಾರದು ಅಂತ ದಿನಕ್ಕೆ ಎರಡು, ಎರಡೂವರೆ ಕೆಜಿಯಷ್ಟೇ ಮೇವು ಹಾಕುತ್ತೇವಲ್ಲ, ಅದಕ್ಕೆ ಹಸಿವು ತೀರುವುದಿಲ್ಲ. ಸರಳು ಕಚ್ಚುತ್ತದೆ, ಬಾಯಲ್ಲಿ ಏನೂ ಇಲ್ಲದೆ ಸುಮ್ನೆ ಅಗಿಯುತ್ತದೆ. ಬೂಸಾ, ಹಸಿರು ಸೊಪ್ಪು ಸೇರಿಸಿದರೆ ತಣ್ಣಗೆ ಮಲಗುತ್ತದೆ. ಯುರೋಪಿನಲ್ಲಿ ಗಬ್ಬದ ಹಂದಿಗೆ ನಾರಿನ ಮೇವು ಕೊಡಲೇಬೇಕು ಅಂತ ಕಾನೂನೇ ಇದೆ. ಮರಿ ಹಾಕುವ ಮುಂಚಿನ ಮಲಬದ್ಧತೆಗೂ ಬೂಸಾ ಒಳ್ಳೆಯದು, ಆದರೆ ಕುಡಿಯಲು ನೀರು ಧಾರಾಳವಾಗಿರಬೇಕು. ಹಾಲು ಬಿಡಿಸಿದ ಮರಿಗಳಿಗೂ ಸ್ವಲ್ಪ ತರಿತರಿಯಾದ ಬೂಸಾ ಇದ್ದರೆ ಭೇದಿ ಕಡಿಮೆಯಾಗುವುದುಂಟು.

ಮೇವು ಬದಲಿಸುವಾಗ ವಾರ, ಹತ್ತು ದಿನ ತೆಗೆದುಕೊಂಡು ಹಳೆಯದಕ್ಕೆ ಹೊಸದನ್ನು ಬೆರೆಸುತ್ತಾ ಹೋಗಿ. ಕರುಳಿನ ಬ್ಯಾಕ್ಟೀರಿಯಾಗಳು ಒಂದೇ ರಾತ್ರಿಯಲ್ಲಿ ಒಗ್ಗುವುದಿಲ್ಲ.

ಇನ್ನು ಮಾರುವ ಹೊತ್ತಿನ ವಿಷಯ. ನಾರು ಜಾಸ್ತಿ ತಿಂದ ಹಂದಿಯ ಕರುಳು ದಪ್ಪವಾಗಿ, ತುಂಬಿಕೊಂಡಿರುತ್ತದೆ. ಜೀವಂತ ತೂಕ ಚೆನ್ನಾಗಿಯೇ ಕಾಣುತ್ತದೆ, ಕೊಯ್ದ ಮೇಲೆ ಮಾಂಸ ಕಡಿಮೆ. ಮಾಂಸದ ಲೆಕ್ಕದಲ್ಲಿ ಮಾರುವವರು ಕೊನೆಯ ಕೆಲವು ವಾರ ಬೂಸಾ ಇಳಿಸಿ, ಜೋಳ ಏರಿಸಿ.