ಪೆಟ್ಟಿಗೆಯಿಲ್ಲದ ಸ್ಪೀಕರಿಗೆ ವೂಫರ್ ಆರಿಸಿದ್ದು, ಕಾಯಿಲ್ ಸುತ್ತಿಸಿದ್ದು

ಬೆಳಗಾವಿಯಲ್ಲಿ ವೂಫರ್, ಅಂದರೆ ಕೆಳಸ್ವರಗಳ ದೊಡ್ಡ ಸ್ಪೀಕರ್, ಬೇಕೆಂದು ಕೇಳಿದರೆ ಅಂಗಡಿಯವರು ಮೊದಲು ಅದನ್ನು ಬೋರಲು ಹಾಕಿ ಮ್ಯಾಗ್ನೆಟ್ ತೋರಿಸುತ್ತಾರೆ. ಗಣೇಶನ ಮೆರವಣಿಗೆಗೆ ‘ಡಾಲ್ಬಿ’ ಎಂಬ ಭಾರೀ ಸ್ಪೀಕರುಗಳ ಸಾಲು ಕಟ್ಟುವ ಊರು ಇದು. ಮ್ಯಾಗ್ನೆಟ್ ಭಾರವಿದ್ದಷ್ಟೂ ಸ್ಪೀಕರ್ ಒಳ್ಳೆಯದು ಎಂಬುದನ್ನು ಇಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಪೆಟ್ಟಿಗೆ ಕಟ್ಟಿ ಟ್ರ್ಯಾಕ್ಟರ್ ಮೇಲೆ ಏರಿಸುವವರಿಗೆ ಆ ಮಾತು ಸರಿಯೇ. ಪೆಟ್ಟಿಗೆಯೇ ಇಲ್ಲದ ಸ್ಪೀಕರಿಗೆ ಮಾತ್ರ ಅದು ಪೂರ್ತಿ ತಿರುವುಮುರುವು.

ನಾನು ಕಟ್ಟಿದ್ದು ಓಪನ್ ಬ್ಯಾಫಲ್. ಒಂದು ಹಲಗೆ, ಅದರಲ್ಲಿ ಎರಡು ರಂಧ್ರ, ಕೆಳಗೆ 12 ಇಂಚಿನ ವೂಫರ್, ಮೇಲೆ ಉಳಿದೆಲ್ಲ ಸ್ವರಗಳನ್ನು ನುಡಿಸುವ ಚಿಕ್ಕ ಫುಲ್‌ರೇಂಜ್ ಸ್ಪೀಕರ್. ಹಿಂಬದಿ ಬಟಾಬಯಲು. ಹಳೆಯ ವಾಲ್ವ್ ರೇಡಿಯೊಗಳ ಬೆನ್ನಿಗೆ ತೂತುಗಳ ರಟ್ಟು ಮಾತ್ರ ಇರುತ್ತಿದ್ದುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಆ ರೇಡಿಯೊಗಳಲ್ಲಿ ಗಾಯಕರ ದನಿ ಡಬ್ಬದೊಳಗಿನಿಂದ ಬಂದಂತೆ ಕೇಳಿಸುತ್ತಿರಲಿಲ್ಲ. ನನಗೆ ಬೇಕಾದದ್ದೂ ಅಷ್ಟೇ. ನಾನು ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ನಮ್ಮದೇ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ದನಿಮುದ್ರಿಕೆಗಳೇ ನನ್ನ ಒರೆಗಲ್ಲು.

ತೊಂದರೆ ಕೆಳಸ್ವರಗಳದ್ದು. ಸ್ಪೀಕರಿನ ಕೋನ್, ಅಂದರೆ ಕಂಪಿಸುವ ಪೊರೆ, ಮುಂದೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲಾಗುತ್ತದೆ. ತರಂಗ ಉದ್ದವಾಗಿದ್ದರೆ ಎರಡೂ ಹಲಗೆಯ ಅಂಚು ಬಳಸಿ ಕೂಡಿಕೊಂಡು ಒಂದನ್ನೊಂದು ಅಳಿಸಿಹಾಕುತ್ತವೆ. ಒಂದು ಮಟ್ಟದಿಂದ ಕೆಳಗೆ ಪ್ರತಿ ಸಪ್ತಕಕ್ಕೆ 6 ಡೆಸಿಬಲ್‌ನಂತೆ ದನಿ ಇಳಿಯುತ್ತದೆ. ಈ ವಿಷಯವನ್ನು ಆಳವಾಗಿ ಅಗೆದವರು ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಎಂಜಿನಿಯರ್ ಆಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್. ಅವರ ಲೆಕ್ಕ ಸರಳವಾಗಿದೆ: ಕೋನಿನ ಮುಂಭಾಗದಿಂದ ಹಿಂಭಾಗಕ್ಕೆ ದನಿ ಸುತ್ತಿಬರಬೇಕಾದ ದೂರದಿಂದ ಶಬ್ದದ ವೇಗವನ್ನು ಭಾಗಿಸಿ 0.17ರಿಂದ ಗುಣಿಸಿದರೆ ಬರುವ ಕಂಪನಾಂಕದ ಕೆಳಗೆ ನಷ್ಟ ಆರಂಭವಾಗುತ್ತದೆ. ನನ್ನ ಹಲಗೆ 50 ಸೆಂಟಿಮೀಟರ್ ಅಗಲ. ವೂಫರಿನ ಎಡಬಲಕ್ಕೆ ಹಿಂದೆ ಮಡಿಸಿದ ರೆಕ್ಕೆಗಳಿವೆ. ಸುತ್ತುದೂರ ಸುಮಾರು 40 ಸೆಂಟಿಮೀಟರ್ ಎಂದು ಹಿಡಿದರೆ ಗಡಿ 146 ಹರ್ಟ್ಜ್‌ಗೆ ಬರುತ್ತದೆ.

ಹಾಗಾದರೆ ಎಷ್ಟು ಕೆಳಗೆ ಹೋಗಬೇಕು? ಹಾರ್ಮೋನಿಯಮ್ಮಿನ ಕಪ್ಪು ಒಂದಕ್ಕೆ ಷಡ್ಜ ಹಿಡಿದರೆ ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿ ಸುಮಾರು 69 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಅಲ್ಲಿ ನನ್ನ ಹಲಗೆಯ ನಷ್ಟ 6 ಡೆಸಿಬಲ್. ರೆಕ್ಕೆಯಿಲ್ಲದೆ ಸುತ್ತುದೂರ 25 ಸೆಂಟಿಮೀಟರಿಗೆ ಇಳಿದರೆ ನಷ್ಟ 10 ಡೆಸಿಬಲ್ ಆಗುತ್ತದೆ. ಆರನ್ನು ತುಂಬಿಕೊಡಬಹುದು, ಹತ್ತನ್ನು ತುಂಬುವುದು ದುಬಾರಿ. ಸಿನಿಮಾ ಗುಡುಗಿನ 30 ಹರ್ಟ್ಜ್ ಬೇಕೆನ್ನುವವರು ಪೆಟ್ಟಿಗೆಯನ್ನೇ ಕಟ್ಟಿಕೊಳ್ಳಲಿ. ಖರ್ಜ ಮತ್ತು ತಬಲಾದ ಡಗ್ಗಾ ಸರಿಯಾಗಿ ಬಂದರೆ ನನಗೆ ಸಾಕು.

ಇಲ್ಲಿ ಮ್ಯಾಗ್ನೆಟ್ಟಿನ ಮಾತು ಮತ್ತೆ ಬರುತ್ತದೆ. ಪ್ರತಿ ವೂಫರಿಗೂ ಕೆಲವು ಜಾತಕಾಂಕಗಳಿವೆ. ಎಂಜಿನಿಯರುಗಳಾದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ರೂಢಿಸಿದ್ದರಿಂದ ಅವರಿಬ್ಬರ ಹೆಸರಿನಲ್ಲೇ ಅವು ನಡೆಯುತ್ತವೆ. ನಮ್ಮ ಕೆಲಸಕ್ಕೆ ಮುಖ್ಯವಾದವು ಎರಡು. ಎಫ್‌ಎಸ್ ಎಂದರೆ ಕೋನ್ ತಾನಾಗಿ ಅನುರಣಿಸುವ ಕಂಪನಾಂಕ. ಕ್ಯೂಟಿಎಸ್ ಎಂದರೆ ಆ ಅನುರಣನಕ್ಕೆ ಎಷ್ಟು ಕಡಿವಾಣ ಇದೆ ಎಂಬ ಅಂಕೆ. ಮ್ಯಾಗ್ನೆಟ್ ಬಲವಾದಷ್ಟೂ ಕಡಿವಾಣ ಬಿಗಿಯಾಗುತ್ತದೆ, ಕ್ಯೂಟಿಎಸ್ ಇಳಿಯುತ್ತದೆ. ಡಾಲ್ಬಿಗೆ ಬಳಸುವ ವೂಫರುಗಳಲ್ಲಿ ಅದು 0.35ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಅಂಥದ್ದನ್ನು ಬಯಲಿಗೆ ಇಟ್ಟರೆ ಎಫ್‌ಎಸ್‌ನಲ್ಲಿ 9 ಡೆಸಿಬಲ್ ಮೊದಲೇ ಹೋಗಿರುತ್ತದೆ, ಹಲಗೆಯ ನಷ್ಟ ಅದರ ಮೇಲಿನದು. ಕ್ಯೂಟಿಎಸ್ 0.7 ಇದ್ದರೆ ಹೋಗುವುದು 3 ಮಾತ್ರ. ಆದ್ದರಿಂದ 0.7ಕ್ಕಿಂತ ಕಡಿಮೆಯ ವೂಫರನ್ನು ಕಾಯಿಲ್ ಮತ್ತು ಕೆಪ್ಯಾಸಿಟರುಗಳ ಕ್ರಾಸ್‌ಓವರ್ (ಕೆಳಸ್ವರ ಮೇಲ್ಸ್ವರಗಳನ್ನು ಎರಡು ಸ್ಪೀಕರುಗಳಿಗೆ ಹಂಚುವ ಸರ್ಕೀಟು) ಜೊತೆ ಓಪನ್ ಬ್ಯಾಫಲ್‌ಗೆ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಹವ್ಯಾಸದವರಲ್ಲಿ ಹೆಸರಾದ ಎಮಿನೆನ್ಸ್ ಆಲ್ಫಾ 15ಎ ವೂಫರಿನ ಕ್ಯೂಟಿಎಸ್ 1.26, ಎಫ್‌ಎಸ್ 41 ಹರ್ಟ್ಜ್. ಅದರ ಮ್ಯಾಗ್ನೆಟ್ ನೋಡಿದರೆ ನಮ್ಮ ಅಂಗಡಿಯವರು ಮೂಗು ಮುರಿಯುತ್ತಾರೆ.

ನನಗೆ ಸಿಕ್ಕಿದ್ದು ಹಾಳಾದ ಕೋನ್ ಬದಲಿಸುವ ರೀಕೋನಿಂಗ್ ಅಂಗಡಿಯ ಮೂಲೆಯಲ್ಲಿದ್ದ, ತಯಾರಕರ ಚೀಟಿ ಹರಿದುಹೋಗಿದ್ದ ಹಳೆಯ ಜೋಡಿ. ಕಾಗದದ ಕೋನ್, ಬಟ್ಟೆಯ ಅಂಚು, ಸಾಧಾರಣ ಮ್ಯಾಗ್ನೆಟ್. ಅಂಗಡಿಯವರು “ಇದರಲ್ಲಿ ದಮ್ ಇಲ್ಲ, ಸಾಹೇಬರೇ” ಎಂದು ಮುಂಚೆಯೇ ಹೇಳಿಬಿಟ್ಟರು. ದಮ್ ಇದೆಯೋ ಇಲ್ಲವೋ ಅಳೆದೇ ನೋಡಬೇಕು, ಅಳೆಯುವುದಕ್ಕೆ ದೊಡ್ಡ ಉಪಕರಣವೇನೂ ಬೇಡ. ಮೊಬೈಲಿನಲ್ಲಿ ಟೋನ್ ಹೊರಡಿಸುವ ಆ್ಯಪ್, ಆಂಪ್ಲಿಫೈಯರ್, ಒಂದು ಕಿಲೋಓಮ್ ರೆಸಿಸ್ಟರ್, ಎಸಿ ಮಿಲಿವೋಲ್ಟ್ ಓದುವ ಮಲ್ಟಿಮೀಟರ್ ಸಾಕು. ರೆಸಿಸ್ಟರನ್ನು ವೂಫರಿನ ಸರಣಿಯಲ್ಲಿ ಹಾಕಿ, ವೂಫರನ್ನು ಕೈಯಲ್ಲಿ ಎತ್ತಿ ಹಿಡಿದೋ ಹಗ್ಗಕ್ಕೆ ತೂಗುಹಾಕಿಯೋ ಕಂಪನಾಂಕ ಬದಲಿಸುತ್ತಾ ಹೋಗಬೇಕು. ಅಗ್ಗದ ಮೀಟರುಗಳು 40 ಹರ್ಟ್ಜ್‌ಗಿಂತ ಕೆಳಗೆ ಸರಿಯಾಗಿ ಓದುವುದಿಲ್ಲ. ಆದ್ದರಿಂದ ಪ್ರತಿ ಕಂಪನಾಂಕದಲ್ಲೂ ವೂಫರಿನ ಜಾಗದಲ್ಲಿ 10 ಓಮ್ ರೆಸಿಸ್ಟರ್ ಇಟ್ಟು ಹೋಲಿಸಿಕೊಂಡೆ. ಮೀಟರ್ ಸುಳ್ಳು ಹೇಳಿದರೂ ಎರಡಕ್ಕೂ ಒಂದೇ ಸುಳ್ಳು ಹೇಳುತ್ತದೆ.

ವೂಫರಿನ ಡಿಸಿ ರೋಧ 6 ಓಮ್ ಬಂತು. 37 ಹರ್ಟ್ಜ್‌ನಲ್ಲಿ ಓದು ತುತ್ತತುದಿಗೆ ಏರಿ 24 ಓಮ್ ತೋರಿಸಿತು, ಅಂದರೆ ನಾಲ್ಕು ಪಟ್ಟು. ನಾಲ್ಕರ ವರ್ಗಮೂಲ ಎರಡು, ಆರರ ಎರಡು ಪಟ್ಟು 12 ಓಮ್. ಶಿಖರದ ಆಚೀಚೆ 12 ಓಮ್ ಸಿಕ್ಕಿದ್ದು 26 ಮತ್ತು 52 ಹರ್ಟ್ಜ್‌ನಲ್ಲಿ. 37ನ್ನು ಎರಡರಿಂದ ಗುಣಿಸಿ ಅಂತರವಾದ 26ರಿಂದ ಭಾಗಿಸಿದರೆ 2.85, ಅದು ಯಾಂತ್ರಿಕ ಕ್ಯೂ, ಅಂದರೆ ಮ್ಯಾಗ್ನೆಟ್ಟಿನ ಪಾಲು ಬಿಟ್ಟು ಉಳಿದ ಕಡಿವಾಣದ ಅಂಕೆ. ಅದನ್ನು ನಾಲ್ಕರಿಂದ ಭಾಗಿಸಿದರೆ 0.71, ಅದೇ ಕ್ಯೂಟಿಎಸ್. ದಮ್ ಇಲ್ಲದ ಜೋಡಿಯನ್ನು ಮನೆಗೆ ತಂದೆ.

ಇನ್ನು ಕ್ರಾಸ್‌ಓವರ್. ವೂಫರ್ ಆರಿಸಿ ಮುಗಿಸಿ ಆಮೇಲೆ ಕ್ರಾಸ್‌ಓವರ್ ನೋಡೋಣ ಎನ್ನುವುದು ಪೆಟ್ಟಿಗೆಯವರ ಕ್ರಮ. ಓಪನ್ ಬ್ಯಾಫಲ್‌ನಲ್ಲಿ ಎರಡೂ ಒಂದೇ ನಿರ್ಧಾರ. ಹಲಗೆಯ ಮೇಲೆ ವೂಫರಿನ ದನಿ ಕೆಳಗಿನಿಂದ ಮೇಲಕ್ಕೆ ಸಪ್ತಕಕ್ಕೆ 6 ಡೆಸಿಬಲ್ ಏರುತ್ತದೆ. ಸರಣಿಯಲ್ಲಿ ಒಂದೇ ಒಂದು ಕಾಯಿಲ್ ಹಾಕಿದರೆ ಸಪ್ತಕಕ್ಕೆ 6 ಇಳಿಯುತ್ತದೆ. ಕಾಯಿಲ್ಲನ್ನು ಬೇಕೆಂದೇ ತೀರಾ ಕೆಳಗೆ, 100 ಹರ್ಟ್ಜ್‌ನಿಂದಲೇ ಕೆಲಸ ಮಾಡುವಂತೆ ಇಟ್ಟರೆ ಏರಿಕೆಯೂ ಇಳಿಕೆಯೂ ಒಂದನ್ನೊಂದು ತಿಂದು ದನಿ ಸಮತಟ್ಟಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ವೂಫರಿನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಶಕ್ತಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು. ನನ್ನ ಫುಲ್‌ರೇಂಜ್ 89 ಡೆಸಿಬಲ್‌ನದು, ವೂಫರ್ ಅದಕ್ಕಿಂತ 7 ಡೆಸಿಬಲ್ ಜೋರು. ಎರಡೂ 89ರವೇ ಆಗಿದ್ದರೆ ಮೇಲಿನ ಸ್ಪೀಕರಿನ ಅರ್ಧ ಶಕ್ತಿಗಿಂತ ಹೆಚ್ಚನ್ನು ರೆಸಿಸ್ಟರಿನಲ್ಲಿ ಸುಡಬೇಕಾಗುತ್ತಿತ್ತು.

6 ಓಮ್ ಡಿಸಿ ರೋಧದ ವೂಫರನ್ನು ಲೆಕ್ಕಕ್ಕೆ 8 ಓಮ್ ಎಂದು ಹಿಡಿಯುವುದು ರೂಢಿ; 8 ಓಮ್‌ಗೆ 100 ಹರ್ಟ್ಜ್ ಎಂದರೆ 12.7 ಮಿಲಿಹೆನ್ರಿ ಕಾಯಿಲ್. ಅಷ್ಟು ದೊಡ್ಡದು ಅಂಗಡಿಯಲ್ಲಿ ಸಿಗುವುದಿಲ್ಲ. ಬರೀ ತಾಮ್ರದಲ್ಲಿ ಸುತ್ತಿದರೆ ತಂತಿಯ ರೋಧವೇ ಅತಿಯಾಗುತ್ತದೆ. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಕಾಕಾ ಒಬ್ಬರ ಬಳಿ ಹೋದೆ. ಚೀಟಿ ನೋಡಿ ಅವರು ಕೇಳಿದ್ದು: “ಇದು ಎಷ್ಟು ಎಚ್‌ಪಿಯ ಮೋಟರು?” ಯಾವ ಮೋಟರೂ ಅಲ್ಲ ಎಂದಾಗ ನಂಬಲಿಲ್ಲ, ಆದರೂ ಕೆಲಸ ಒಪ್ಪಿಕೊಂಡರು. ಕೆಟ್ಟ ಸ್ಟೆಬಿಲೈಸರಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಅದರ ಬಾಬಿನ್ ಮೇಲೆ 18 ಗೇಜಿನ ಎನಾಮೆಲ್ ತಂತಿಯನ್ನು ಸಾಲು ತಪ್ಪದಂತೆ ಸುತ್ತಿದರು. ಪ್ರತಿ ಪದರಕ್ಕೂ ಕಾಗದ ಹೊದಿಸಿದರು. ಟ್ರಾನ್ಸ್‌ಫಾರ್ಮರಿನಲ್ಲಿ ‘ಇ’ ಮತ್ತು ‘ಐ’ ಆಕಾರದ ತಗಡುಗಳನ್ನು ಒಂದರೊಳಗೊಂದು ಹೆಣೆಯುತ್ತಾರೆ. ಇಲ್ಲಿ ಹಾಗೆ ಮಾಡುವಂತಿಲ್ಲ. ‘ಇ’ಗಳೆಲ್ಲ ಒಂದು ಕಡೆ, ‘ಐ’ಗಳೆಲ್ಲ ಇನ್ನೊಂದು ಕಡೆ, ನಡುವೆ ರಟ್ಟಿನ ತುಂಡು. ಆ ಸಂದು ಇಲ್ಲದಿದ್ದರೆ ಜೋರು ದನಿಯಲ್ಲಿ ಕಬ್ಬಿಣ ಕಾಂತಶಕ್ತಿಯಿಂದ ಬೇಗ ತುಂಬಿಹೋಗಿ ಕಾಯಿಲ್ ತನ್ನ ಗುಣ ಕಳೆದುಕೊಳ್ಳುತ್ತದೆ.

ಹೊಂದಿಸುವುದೂ ಆ ರಟ್ಟಿನಿಂದಲೇ. ಕಾಯಿಲ್ ಸರಣಿಯಲ್ಲಿ 8 ಓಮ್ ರೆಸಿಸ್ಟರ್ ಹಾಕಿ 100 ಹರ್ಟ್ಜ್ ಟೋನ್ ಕೊಟ್ಟು ಎರಡರ ಮೇಲಿನ ವೋಲ್ಟೇಜ್ ನೋಡಿದೆ. ಕಾಯಿಲ್ ಮೇಲೆ ಹೆಚ್ಚಿದ್ದರೆ ರಟ್ಟು ದಪ್ಪ ಮಾಡಬೇಕು, ಕಡಿಮೆಯಿದ್ದರೆ ತೆಳು ಮಾಡಬೇಕು. ಮದುವೆ ಕರೆಯೋಲೆಯ ರಟ್ಟನ್ನು ಒಂದೊಂದೇ ಪದರ ಸೇರಿಸುತ್ತಾ ಎರಡೂ ಓದು ಸಮವಾದಾಗ ಬೋಲ್ಟ್ ಬಿಗಿದು ವಾರ್ನಿಷ್‌ನಲ್ಲಿ ಅದ್ದಿಸಿದೆ.

ತಯಾರಾದ ಕಾಯಿಲ್ಲಿನ ರೋಧ ಸುಮಾರು ಒಂದು ಓಮ್. ಪೆಟ್ಟಿಗೆ ಕಟ್ಟುವವರು ಇದನ್ನು ಕೇಳಿದರೆ ಹೌಹಾರುತ್ತಾರೆ. ನಮಗಿದು ಲಾಭ. ಸರಣಿಯಲ್ಲಿ ರೋಧ ಸೇರಿದಾಗ ಮ್ಯಾಗ್ನೆಟ್ಟಿನ ಕಡಿವಾಣ ಸಡಿಲವಾಗುತ್ತದೆ. 6 ಓಮ್‌ಗೆ ಒಂದು ಕೂಡಿದ್ದರಿಂದ ನನ್ನ ವೂಫರಿನ ವಿದ್ಯುತ್ ಕ್ಯೂ (ಮ್ಯಾಗ್ನೆಟ್ಟಿನ ಕಡಿವಾಣದ ಅಂಕೆ) 0.95ರಿಂದ 1.11ಕ್ಕೆ, ಒಟ್ಟು ಕ್ಯೂ 0.71ರಿಂದ 0.80ಕ್ಕೆ ಏರಿತು. ಖರ್ಜದ ತಂತಿ ತುಂಬಿಕೊಂಡು ಕೇಳಿಸಲು ಇದರ ಪಾಲೂ ಇದೆ. ವಾಲ್ವ್ ಆಂಪ್ಲಿಫೈಯರಿನವರಿಗೆ ಈ ಲಾಭ ಸ್ವಲ್ಪಮಟ್ಟಿಗೆ ತಾನಾಗಿಯೇ ಸಿಗುತ್ತದೆ, ಅವುಗಳ ಔಟ್‌ಪುಟ್ ರೋಧವೇ ಹೆಚ್ಚು.

ಮೇಲಿನ ಸ್ಪೀಕರಿಗೆ ಒಂದು ಕೆಪ್ಯಾಸಿಟರ್ ಸಾಕು. ಅದೂ ಪಂಪ್‌ಸೆಟ್ ಅಂಗಡಿಯದೇ: 50 ಮತ್ತು 36 ಎಂಎಫ್‌ಡಿಯ (ಮೈಕ್ರೋಫ್ಯಾರಡ್), 440 ವೋಲ್ಟಿನ ರನ್ ಕೆಪ್ಯಾಸಿಟರುಗಳನ್ನು ಸಮಾಂತರವಾಗಿ ಕಟ್ಟಿದೆ. ಒಳಗಿರುವುದು ಪಾಲಿಪ್ರೊಪಿಲೀನ್ ಫಿಲ್ಮ್. ಆಡಿಯೊ ಹೆಸರಿನಲ್ಲಿ ಮಾರುವ ಇದೇ ಜಾತಿಯ ಮಾಲಿಗೆ ಹಲವು ಪಟ್ಟು ಬೆಲೆ. ಸ್ಟಾರ್ಟ್ ಕೆಪ್ಯಾಸಿಟರ್ ಮಾತ್ರ ಬೇಡ, ಅದು ಕ್ಷಣಕಾಲದ ಕೆಲಸಕ್ಕೆಂದು ಮಾಡಿದ ಎಲೆಕ್ಟ್ರೊಲೈಟಿಕ್. ಹಳೆಯ ಪಂಪಿನಿಂದ ಬಿಚ್ಚಿದ್ದಾದರೆ ಮುಟ್ಟುವ ಮೊದಲು ರೆಸಿಸ್ಟರ್ ಮೂಲಕ ಚಾರ್ಜ್ ಇಳಿಸಬೇಕು.

86 ಎಂಎಫ್‌ಡಿ, 8 ಓಮ್ ಎಂದರೆ ಕಾಗದದ ಮೇಲೆ 231 ಹರ್ಟ್ಜ್. ವೂಫರಿನದು 100. ನಡುವೆ ಸಪ್ತಕಕ್ಕಿಂತ ದೊಡ್ಡ ಕಂದಕ ಇದ್ದಂತೆ ಕಾಣುತ್ತದೆ, ಲೆಕ್ಕದ ಆ್ಯಪ್‌ಗಳೂ ಹಾಗೆಯೇ ಎಚ್ಚರಿಸುತ್ತವೆ. ಆ್ಯಪ್‌ಗೆ ಹಲಗೆ ಗೊತ್ತಿಲ್ಲ. ಹಲಗೆಯ ಏರಿಕೆಯನ್ನೂ ಸೇರಿಸಿ ಅಳೆದಾಗ ಎರಡೂ ಸ್ಪೀಕರುಗಳು ಕೈಬದಲಾಯಿಸುವುದು 300 ಹರ್ಟ್ಜ್ ಆಸುಪಾಸಿನಲ್ಲಿ. ದನಿಯನ್ನು ಡಿಜಿಟಲ್ ಆಗಿ ತಿದ್ದುವ ಡಿಎಸ್‌ಪಿ ಬೋರ್ಡ್ ಮತ್ತು ನಾಲ್ಕು ಚಾನಲ್ ಆಂಪ್ಲಿಫೈಯರ್ ಇದ್ದವರು ಇದನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ಹೊಂದಿಸಬಹುದು, ಕಡಿಮೆ ಕ್ಯೂಟಿಎಸ್ ವೂಫರನ್ನೂ ಕೆಳಸ್ವರ ಎತ್ತಿ ದುಡಿಸಬಹುದು. ಆದರೆ ಕೋನ್ ಹಿಂದೆ ಪೆಟ್ಟಿಗೆಯ ಗಾಳಿಯ ತಡೆ ಇಲ್ಲದ್ದರಿಂದ ಎತ್ತಿದಷ್ಟೂ ಕೋನ್ ಓಡಾಟ ಹೆಚ್ಚುತ್ತದೆ, ಅದರ ಮಿತಿ ಕೆಲವೇ ಮಿಲಿಮೀಟರ್.

ಹಲಗೆಗೆ ಐಎಸ್ 710 ಗುರುತಿನ, ನೀರು ತಡೆಯುವ ಮರೀನ್ ಪ್ಲೈವುಡ್ ಹಾಕಿಸಿದೆ. ನಮ್ಮ ಮಳೆಗಾಲದಲ್ಲಿ ಪಾರ್ಟಿಕಲ್ ಬೋರ್ಡ್ ಸ್ಕ್ರೂ ಹಿಡಿಯುವುದಿಲ್ಲ. ಹಿಂದಿನ ಗೋಡೆಯಿಂದ ಒಂದು ಮೀಟರ್ ಬಿಟ್ಟಿದ್ದೇನೆ. ಪಕ್ಕಕ್ಕೆ ಎರಡೂ ಅಲೆಗಳು ಅಳಿಸಿಕೊಳ್ಳುವುದರಿಂದ ಗಲ್ಲಿಯ ಜೋಡುಗೋಡೆಯ ಮನೆಗಳಿಗೆ ಇದು ಅನುಕೂಲ. ಕೊನೆಯ ಕೆಲಸ ಫುಲ್‌ರೇಂಜಿನ ಪ್ಲಸ್ ಮೈನಸ್. ಕಾಯಿಲ್ ದನಿಯನ್ನು ಹಿಂದಕ್ಕೂ ಕೆಪ್ಯಾಸಿಟರ್ ಮುಂದಕ್ಕೂ ತಳ್ಳುವುದರಿಂದ 300ರ ಬಳಿ ಎರಡೂ ಸ್ಪೀಕರುಗಳ ಅಲೆಗಳ ನಡುವೆ ನೂರು ಡಿಗ್ರಿ ದಾಟಿದ ಅಂತರ ಬೀಳುತ್ತದೆ. ನೇರ ಜೋಡಣೆಯಲ್ಲಿ ಗಾಯಕರ ದನಿ ತೆಳುವಾಗಿ, ಎದೆ ಇಲ್ಲದಂತೆ ಕೇಳಿಸಿತು. ತಂತಿ ಅದಲುಬದಲು ಮಾಡಿದಾಗ ಮೊಬೈಲಿನ ಗ್ರಾಫಿನಲ್ಲಿದ್ದ ತಗ್ಗೂ ತುಂಬಿತು, ಈಗಲೂ ಅದು ಉಲ್ಟಾ ಜೋಡಣೆಯಲ್ಲೇ ಇದೆ.