ಕೊಡಚಾದ್ರಿ ನೆತ್ತೀಲಿ ಗಾಳಿ ಜೊತೆ ಕಪ್ಪೆ ಸರ್ವೇ: ನನ್ನ ಅನುಭವ

ಆರಿದ್ರಾ ಮಳೆ ಹಿಡಿದ ಮೇಲೆ ಕೊಡಚಾದ್ರಿ ನೆತ್ತಿ ಹತ್ತಿದವ್ರಿಗೆ ಗೊತ್ತಿರುತ್ತೆ, ಅಲ್ಲಿ ಮಳೆ ಮೇಲಿಂದ ಬೀಳಲ್ಲ, ಪಡುವಣದಿಂದ ಅಡ್ಡಡ್ಡ ಬಂದು ಮುಖಕ್ಕೆ ರಾಚುತ್ತೆ. 1343 ಮೀಟರ್ ಎತ್ತರ, ಆ ಕಡೆ ಗುಡ್ಡ ಒಂದೇ ಸಲಕ್ಕೆ ಕಡಿದ ಹಾಗೆ ಇಳಿಯುತ್ತೆ, ಅರಬ್ಬಿ ಸಮುದ್ರದಿಂದ ಹೊರಟ ಗಾಳಿ ನೇರ ಇಲ್ಲಿಗೇ ಬಂದು ಗುದ್ದೋದು. ತೆಳು ಮಣ್ಣು, ಮೇಲಿಂದ ಈ ಗಾಳಿ, ಹಾಗಾಗಿ ನೆತ್ತಿ ಮೇಲೆ ಬರೀ ಹುಲ್ಲು, ಮರಗಳೆಲ್ಲ ಗಾಳಿ ತಾಗದ ಕೊರಕಲುಗಳಲ್ಲಿ ಸೇರ್ಕೊಂಡು ಶೋಲಾ ಕಾಡಾಗಿ ನಿಂತಿವೆ. ನಾನು ಡಿಗ್ರಿ ಕಾಲೇಜಲ್ಲಿ ಪ್ರಾಣಿಶಾಸ್ತ್ರ ಹೇಳ್ಕೊಡೋನು, ಅರಣ್ಯ ಇಲಾಖೆ ಅನುಮತಿ ತಗೊಂಡು ಮೂರು ಮಳೆಗಾಲದಿಂದ ಈ ಹುಲ್ಲಲ್ಲಿ ರಾತ್ರಿ ಹೊತ್ತು ಕಪ್ಪೆಗಳ ಲೆಕ್ಕ ಮಾಡ್ತಾ ಇದೀನಿ.

ನಾನು ಹುಡುಕೋದು ಮುಖ್ಯವಾಗಿ ಪೊದೆಗಪ್ಪೆಗಳನ್ನ, ರಾವೋರ್ಕೆಸ್ಟಿಸ್ ಅನ್ನೋ ಕುಲದವು. 2010ರಲ್ಲಿ ಈ ಕುಲಕ್ಕೆ ಹೆಸರಿಡುವಾಗ ನಮ್ಮ ಕಡೆಯ ಕಪ್ಪೆಗಳ ಮೇಲೆ 1937ರಷ್ಟು ಹಿಂದೆಯೇ ಕೆಲಸ ಮಾಡಿದ್ದ ಸಿ.ಆರ್. ನಾರಾಯಣ ರಾವ್ ಅವರ ನೆನಪಿಗೆ ಹಾಗೆ ಇಟ್ಟಿದ್ದು, ನನಗಂತೂ ಆ ಹೆಸರು ಹೇಳುವಾಗೆಲ್ಲ ಹೆಮ್ಮೆ ಆಗುತ್ತೆ. ಹೆಚ್ಚಿನವು ಹೆಬ್ಬೆರಳಿನ ಒಂದು ಗೆಣ್ಣಿನಷ್ಟೂ ಇರಲ್ಲ. ಒಂದೇ ಜಾತೀಲಿ ಒಂದು ಹಸಿರು, ಒಂದು ಕಂದು, ಇನ್ನೊಂದಕ್ಕೆ ಬೆನ್ನ ಮೇಲೆ ಪಟ್ಟೆ, ಹಾಗಾಗಿ ಬಣ್ಣ ನೋಡಿ ಇಂಥದ್ದೇ ಅಂತ ಹೇಳೋಕೆ ಹೋಗ್ಬಾರ್ದು, ಕೂಗು ಕೇಳ್ಬೇಕು.

ಆದ್ರೆ ಆ ಗಾಳೀಲಿ ಕೂಗು ಕೇಳೋದು ಹೆಂಗೆ?

ಮೊದಲನೇ ವರ್ಷ ನಾನು ಮಾಡಿದ್ದು ಪುಸ್ತಕದ ಪ್ರಕಾರ. ಹುಲ್ಲುಗಾವಲಲ್ಲಿ, ಶೋಲಾ ಅಂಚಲ್ಲಿ, ಶೋಲಾ ಒಳಗೆ ಪಾಯಿಂಟ್ ಗುರುತು ಮಾಡ್ಕೊಂಡು ಪ್ರತಿ ಪಾಯಿಂಟಲ್ಲಿ ಟಾರ್ಚ್ ಆರಿಸಿ ಐದು ನಿಮಿಷ ಸುಮ್ನೆ ನಿಂತು ಕೇಳೋದು, ಬರ್ಕೊಳೋದು. ಶೋಲಾ ಒಳಗೆ ಪುಟ ತುಂಬ್ತಿತ್ತು, ಹುಲ್ಲಲ್ಲಿ ಸಾಲು ಸಾಲು ಸೊನ್ನೆ. ಜೂನ್‌ನಿಂದ ಆಗಸ್ಟ್‌ವರೆಗೆ ಸೊನ್ನೆ ಬರ್ದು ಕೊನೆಗೆ ನೆತ್ತೀ ಹುಲ್ಲಲ್ಲಿ ಪೊದೆಗಪ್ಪೆ ಇಲ್ಲ ಅಂತಾನೇ ತೀರ್ಮಾನ ಮಾಡಿದ್ದೆ.

ತಪ್ಪು ತೋರಿಸಿದ್ದು ನನ್ನ ಜೊತೆ ದಾರಿ ತೋರ್ಸೋಕೆ ಬರೋ ಊರ ಹಿರಿಯರು, ನಾನು ಅಣ್ಣಯ್ಯ ಅಂತ ಕರೀತೀನಿ. ಎರಡನೇ ವರ್ಷ ಒಂದಿನ ಕಂಬಳಿ ಕೊಪ್ಪೆ ಒಳಗಿಂದ, "ಮೇಷ್ಟ್ರೇ, ನಿಂತ್ಕಂಡು ಕೇಳಿದ್ರೆ ಎಂತ ಕೇಳ್ತದೆ, ಕುಕ್ಕುರುಗಾಲಲ್ಲಿ ಕೂತ್ಕಳಿ, ಹುಲ್ಲಿನ ಬುಡಕ್ಕೆ ಕಿವಿ ಕೊಡಿ" ಅಂದ್ರು. ಕೂತೆ. ನಿಂತಾಗ ಕಿವೀಲಿ ಬೋರ್ ಅಂತಿದ್ದ ಗಾಳಿ ಮೊಣಕಾಲಿಂದ ಕೆಳಗೆ ಅರ್ಧಕ್ಕರ್ಧ ಕಮ್ಮಿ, ನೆಲದ ಹತ್ರ ಹುಲ್ಲೇ ಗಾಳೀನ ತಡೀತಾ ಇತ್ತು, ಅಲ್ಲೆಲ್ಲೋ ಕೈಗೆ ಸಿಗೋಷ್ಟು ದೂರದಲ್ಲಿ ಟಿಕ್ ಟಿಕ್ ಟಿಕ್ ಅಂತ ಕಡ್ಡಿ ಮುರಿದಂಗೆ. ನಾನು ಇಲ್ಲ ಅಂತ ಬರೆದಿದ್ದು ನನ್ನ ಕಾಲ ಬುಡದಲ್ಲೇ ಕೂಗ್ತಾ ಇತ್ತು.

ಅವತ್ತಿಂದ ಡೇಟಾ ಶೀಟೇ ಬದಲಾಯ್ತು. ಪ್ರತಿ ಪಾಯಿಂಟಿಗೆ ಕಪ್ಪೆ ಲೆಕ್ಕದ ಮೊದಲು ಗಾಳಿ ಲೆಕ್ಕ. ಗಾಳಿ ಜೋರು ಎಷ್ಟು ಅಂತ ಅಂಕೀಲಿ ಹೇಳೋ ಬೋಫರ್ಟ್ ಮಾಪನಕ್ಕೆ ಯಾವ ಯಂತ್ರನೂ ಬೇಕಿಲ್ಲ, ಎಲೆ ಸರಪರ ಅಂದ್ರೆ 2, ಸಣ್ಣ ಕಡ್ಡಿ ಸಮೇತ ಅಲ್ಲಾಡ್ತಾನೇ ಇದ್ರೆ 3, ಸಣ್ಣ ಕೊಂಬೆ ಅಲ್ಲಾಡಿದ್ರೆ 4. ಕೂಗು ಕೇಳೋ ಸರ್ವೇನ 3ಕ್ಕಿಂತ ಮೇಲೆ ಹೋದ್ರೆ ನಿಲ್ಲಿಸ್ಬೇಕು ಅಂತಾರೆ ಸಾಮಾನ್ಯವಾಗಿ, ಆದ್ರೆ ನಮ್ಮಲ್ಲಿ ಹಾಗೆ ಕಾಯ್ತಾ ಕೂತ್ರೆ ಮಳೆಗಾಲನೇ ಮುಗಿದುಹೋಗುತ್ತೆ. ಅದಕ್ಕೆ ಒಂದೇ ಪಾಯಿಂಟಿಗೆ ಬೇರೆ ಬೇರೆ ರಾತ್ರಿ ನಾಲ್ಕೈದು ಸಲ ಹೋಗ್ತೀನಿ, ಸೊನ್ನೆ ಬಂದ್ರೆ ಪಕ್ಕದಲ್ಲಿ ಗಾಳಿ ಎಷ್ಟಿತ್ತು ಅಂತ ಬರೀತೀನಿ. ಗಾಳಿ 1 ಇದ್ದಾಗಿನ ಸೊನ್ನೆಗೂ ಗಾಳಿ 5 ಇದ್ದಾಗಿನ ಸೊನ್ನೆಗೂ ಅಜಗಜಾಂತರ, ಮೊದಲನೇದು ಕಪ್ಪೆ ಬಗ್ಗೆ ಹೇಳುತ್ತೆ, ಎರಡನೇದು ನನ್ನ ಕಿವಿ ಬಗ್ಗೆ.

ರೆಕಾರ್ಡರನ್ನೂ ಈಗ ಕಂಬಕ್ಕೆ ಕಟ್ಟಲ್ಲ, ಮೈಕಿಗೆ ದಪ್ಪ ಸ್ಪಂಜಿನ ಟೋಪಿ ಹಾಕಿ ಹುಲ್ಲಿನ ಮಟ್ಟದಲ್ಲೇ ಇಡ್ತೀನಿ. ಮನೆಗೆ ಬಂದು ಕಂಪ್ಯೂಟರಲ್ಲಿ ಧ್ವನಿ ಚಿತ್ರ (ದಪ್ಪ ಸದ್ದು ಕೆಳಗೆ, ಕೀರಲು ಸದ್ದು ಮೇಲೆ ಕಾಣೋ ಚಿತ್ರ) ತೆಗೆದ್ರೆ ಗಾಳಿ ಸದ್ದು ಹೆಚ್ಚಾಗಿ ಒಂದು ಕಿಲೋಹರ್ಟ್ಸ್‌ಗಿಂತ ಕೆಳಗೆ ಕಪ್ಪು ಮೋಡದ ಥರ ಕೂತಿರುತ್ತೆ, ನಮಗೆ ಬೇಕಾದ ಸಣ್ಣ ಕಪ್ಪೆಗಳ ಕೂಗು ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ, ಕೆಳಗಿಂದು ಕತ್ತರಿಸಿ ಹಾಕಿದ್ರೆ ಸಾಕು. ಒಂದು ಎಚ್ಚರ, ಇದನ್ನೇ ನಂಬ್ಕೊಂಡು ನಾನು ಸುಮಾರು ದಿನ ಒಂದು ಮಿಡತೆ ಜಾತಿ ಹುಳದ ಸದ್ದನ್ನ ಕಪ್ಪೆ ಅಂತ ಎಂಟ್ರಿ ಮಾಡಿದ್ದೆ, ಎಲ್ಲಾ ಅಳಿಸಿ ಮತ್ತೆ ಕೇಳ್ಬೇಕಾಯ್ತು. ಕೂಗೋ ಕಪ್ಪೇನ ಒಂದು ಸಲನಾದ್ರೂ ಕಣ್ಣಾರೆ ನೋಡ್ದೆ ಹೆಸರು ಬರೀಬೇಡಿ.

ಉಂಬಳಕ್ಕೆ, ಅಂದ್ರೆ ಕಾಡಿನ ಜಿಗಣೆಗೆ, ನಾವೆಲ್ಲ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಕೊತೀವಲ್ಲ, ಅದೇ ಕೈಲಿ ಕಪ್ಪೆ ಮುಟ್ಟಿದ್ರೆ ಪಾಪದ್ದು, ಅದು ಚರ್ಮದಲ್ಲೇ ನೀರು ಕುಡಿಯೋ, ಉಸಿರಾಡೋ ಜೀವ. ನಾನು ಈಗ ಮುಟ್ಟೋದೇ ಬಿಟ್ಟಿದೀನಿ, ಫೋಟೋ ತೆಗೆದು ಅಲ್ಲೇ ಬಿಡ್ತೀನಿ. ಬೂಟು ಕೂಡ ಒಂದು ಹಳ್ಳದಿಂದ ಇನ್ನೊಂದು ಹಳ್ಳಕ್ಕೆ ಹೋಗೋ ಮೊದಲು ಉಜ್ಜಿ ತೊಳೆದು ಒಣಗಿಸ್ತೀನಿ, ಕಪ್ಪೆಗಳ ಚರ್ಮದ ಶಿಲೀಂಧ್ರ ರೋಗ ಹಂಗೂ ಹರಡಬಹುದು.

ಮೊನ್ನೆ ಪುಷ್ಯ ಮಳೇಲಿ ಮತ್ತೆ ಹೋಗಿದ್ವಿ, ಮೊದಲನೇ ವರ್ಷ ಎಲ್ಲಾ ಸಲನೂ ಸೊನ್ನೆ ಬರೆದಿದ್ದ ಪಾಯಿಂಟಿಗೆ. ಅಣ್ಣಯ್ಯ ಒಂದು ಹುಲ್ಲಿನ ಹಿಂಡನ್ನ ಎರಡೂ ಕೈಲಿ ಮೆಲ್ಲಗೆ ಬಿಡಿಸಿ ಹಿಡಿದ್ರು, ಬುಡದಲ್ಲಿ ಒದ್ದೆ ದರಗಿನ ಸಂದೀಲಿ ನೆನೆಸಿದ ಸಾಬಕ್ಕಿ ಥರ ಹತ್ತಿಪ್ಪತ್ತು ಮೊಟ್ಟೆ. ಈ ಕಪ್ಪೆಗಳಿಗೆ ಈಜಾಡೋ ಗೊದಮೊಟ್ಟೆ ಹಂತನೇ ಇಲ್ಲ, ನೀರಿನ ಹೊಂಡನೂ ಬೇಡ, ಮೊಟ್ಟೆ ಒಳಗೇ ಪೂರ್ತಿ ಕಪ್ಪೆ ಆಗಿ ಹೊರಗೆ ಬರುತ್ತೆ, ಇದನ್ನ ಕ್ಲಾಸಲ್ಲಿ ಎಷ್ಟೋ ಸಲ ಹೇಳಿದೀನಿ. ಟಾರ್ಚಿಗೆ ಬೆರಳು ಅಡ್ಡ ಹಿಡಿದು ಮಂದ ಬೆಳಕು ಬಿಟ್ಟೆ. ಒಂದು ಮೊಟ್ಟೆ ಒಳಗೆ ಕಾಲು ಮಡಚ್ಕೊಂಡಿದ್ದ ಕಪ್ಪೆಮರಿ, ಎರಡು ಕಪ್ಪು ಕಣ್ಣು, ಮೆಲ್ಲಗೆ ಮಗ್ಗಲು ತಿರುಗ್ತು. ಹೊರಗೆ ಗಾಳಿ 5 ಇತ್ತು, ಹಂಗೇ ಬರ್ಕೊಂಡೆ.

"ಸಾಕು ಮೇಷ್ಟ್ರೇ, ಗಾಳಿ ತಾಗ್ತದೆ ಅದ್ಕೆ" ಅಂದ್ರು ಅಣ್ಣಯ್ಯ, ಹುಲ್ಲನ್ನ ಮೊದಲಿದ್ದ ಹಾಗೆ ಕೂಡಿಸಿ ಬಿಟ್ರು.